ಪಾರಿಜಾತ ಮೂರು ಸಲ ಆಯ್ಕೆಯಾದದ್ದು

ಈ ಊರಿಗೆ ಬಂದ ಎರಡನೇ ದಿನ ನನ್ನ ಮನೆಯ ಮಾಲೀಕರಾದ ಶಿವನಂಜಪ್ಪನವರು ನೀರಿನ ಮೋಟರಿನ ಸ್ವಿಚ್ ಎಲ್ಲಿದೆ ಎಂದು ನನಗೆ ಹೇಳಿದರು. ಅಂದಿನಿಂದ ಅವರಿಗೆ ಅದು ಗೊತ್ತಿಲ್ಲ. ದಿನಾ ಬೆಳಗ್ಗೆ ಆರೂವರೆಗೆ ಬಂದು ನನ್ನ ಬಾಗಿಲು ತಟ್ಟಿ, "ಮೇಷ್ಟ್ರೇ, ತೊಟ್ಟಿ ಖಾಲಿ" ಎನ್ನುತ್ತಾರೆ. ನಾನು ಹೋಗಿ ಅವರದೇ ಮನೆಯ ಮೆಟ್ಟಿಲ ಕೆಳಗಿರುವ ಸ್ವಿಚ್ ಹಾಕುತ್ತೇನೆ. ಆಗ ಅವರು ಮರ್ಯಾದೆಯಿಂದ ಬೇರೆ ಕಡೆ ಮುಖ ತಿರುಗಿಸಿ ನಿಲ್ಲುತ್ತಾರೆ. ಹೇಳಿದ ಮೇಲೆ ಅದು ಕೇಳಿದವರ ಸೊತ್ತು, ಇಣುಕಿ ನೋಡಿ ವಾಪಸು ಪಡೆಯುವುದು ಇಲ್ಲಿ ಸಭ್ಯತೆಯಲ್ಲ. ಬೆರಳು ಮಾಡಿ ತೋರಿಸಲು ನನಗೇನೂ ಅಡ್ಡಿಯಿಲ್ಲ. ಆದರೆ ಸ್ವಿಚ್ ಹಾಕಿದ ಮೇಲೆ ಅವರ ಮನೆಯಲ್ಲಿ ಒಳ್ಳೆಯ ಕಾಫಿ ಕೊಡುತ್ತಾರೆ. ಹಾಗಾಗಿ ನಾಲ್ಕು ವರ್ಷಗಳಿಂದ ನಾವಿಬ್ಬರೂ ಆ ವಿಷಯ ಎತ್ತಿಲ್ಲ.

ಒಬ್ಬರ ಮುಖ ನೋಡಿ, ಅವರೊಬ್ಬರಿಗೇ ಎಂದು, ನಮಗೆ ಗೊತ್ತಿದ್ದದ್ದನ್ನು ಒಪ್ಪಿಸಿದರೆ ಅದು ಅವರ ಜೊತೆ ಹೋಗಿಬಿಡುತ್ತದೆ. ಈ ಊರಿನವರು 'ಹೇಳುವುದು' ಎನ್ನುವುದು ಅದಕ್ಕೆ ಮಾತ್ರ. ಉಳಿದದ್ದೆಲ್ಲ 'ಅನ್ನುವುದು'. ನಾಲ್ಕು ಜನರ ಎದುರು ಅಂದರೆ ಏನೂ ಹೋಗುವುದಿಲ್ಲ. ಹರಟೆ, ಚೌಕಾಶಿ, ಬೈಗುಳ ಯಾವುದಕ್ಕೂ ಖರ್ಚಿಲ್ಲ. ಇಬ್ಬರೇ ಇದ್ದಾಗ ಏನಾದರೂ ತಿಳಿಸಬೇಕಾದರೆ ಕಂಬ ನೋಡಿಕೊಂಡು ಅನ್ನುತ್ತಾರೆ. ಮನೆಗೊಂದು, ಅಂಗಡಿಗೊಂದು ಮಾತಿನ ಕಂಬ ಇದೆ. ಕಂಬವಿಲ್ಲದ ಮನೆಗೆ ಇಲ್ಲಿ ಬಾಡಿಗೆದಾರರು ಸಿಗುವುದಿಲ್ಲ. ಗಂಡ ಕಂಬದ ಕಡೆ ತಿರುಗಿ, "ನಾಳೆ ನನ್ನ ತಂಗಿ ಬರ್ತಾಳೆ" ಎಂದರೆ ಹೆಂಡತಿ ಅದೇ ಕಂಬದ ಇನ್ನೊಂದು ಮಗ್ಗುಲಿಗೆ, "ಬರ್ಲಿ, ಅಡುಗೆ ಅವಳೇ ಮಾಡ್ಲಿ" ಎನ್ನುತ್ತಾಳೆ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೂತವನು. ಅಂದರು, ಹೇಳಿದರು, ತಿಳಿಸಿದರು, ಮಾತನಾಡಿದರು ಇವುಗಳಲ್ಲಿ ಯಾವುದು ಎಲ್ಲಿಗೆ ಎಂದು ತಿದ್ದುವುದರಲ್ಲೇ ಕಣ್ಣು ಸವೆಸಿದವನು. ಕೆಲಸ ಬಿಟ್ಟು ಬಂದ ಮೇಲೆ ಇಲ್ಲಿಂದಲೂ ಸುದ್ದಿ ಕಳಿಸೋಣ ಎಂದುಕೊಂಡೆ. ಎರಡೇ ವಾರದಲ್ಲಿ ಕೈಬಿಟ್ಟೆ. ಪುರಸಭೆಯ ಎಂಜಿನಿಯರೊಬ್ಬರು ಹೊಸ ಮೋರಿಯ ಅಳತೆಯನ್ನು ನನಗೆ ಹೇಳಿದರು. ಸಂಜೆ ಖಚಿತಪಡಿಸಿಕೊಳ್ಳಲು ಹೋದರೆ, "ಯಾವ ಮೋರಿ?" ಎಂದು ನನ್ನನ್ನೇ ಕೇಳಿದರು. ಮರುದಿನ ಅವರ ಕೆಲಸಗಾರರು ಟೇಪು ಹಿಡಿದು ನನ್ನ ಮನೆಗೆ ಬಂದರು.

ಹಾಗಾಗಿ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಐದರಿಂದ ಆರರವರೆಗೆ ಇಂಗ್ಲಿಷ್ ಕಲಿಸಲು ತೊಡಗಿದೆ. ಸೇ, ಟೆಲ್, ಸ್ಪೀಕ್, ಟಾಕ್ ಎಂಬ ನಾಲ್ಕು ಮಾತುಗಳು ಬೇರೆ ಊರುಗಳಲ್ಲಿ ಪದವೀಧರರನ್ನೂ ಎಡವಿಸುವುದನ್ನು ನೋಡಿದ್ದೇನೆ. ಮೊದಲ ದಿನವೇ ನಾಲ್ಕನ್ನೂ ಹಲಗೆಯ ಮೇಲೆ ಬರೆದೆ, ಒಂದು ವಾರವಾದರೂ ಬೇಕು ಎಂದುಕೊಂಡೆ. ಬಸ್ ನಿಲ್ದಾಣದಲ್ಲಿ ಕ್ಯಾಂಟೀನು ನಡೆಸುವ ಚನ್ನಾಜಮ್ಮ ಕುತೂಹಲಕ್ಕೆ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ವಯಸ್ಸು ಐವತ್ತೆಂಟು. ಅವರು ಕೈಯೆತ್ತಿದರು.

"ಟೆಲ್ ಅಂದ್ರೆ ಕೊಟ್ಬಿಡೋದು. ಸೇ ಅಂದ್ರೆ ಇಟ್ಕೊಂಡು ತೋರ್ಸೋದು. ಅಷ್ಟೇ ತಾನೇ ಮೇಷ್ಟ್ರೇ?"

"ಮತ್ತೆ ಸ್ಪೀಕ್, ಟಾಕ್?"

"ಅವೆರಡೂ ಪುಕ್ಕಟೆ. ಸ್ಪೀಕ್ ಅಂದ್ರೆ ಒಗೆದಿರೋ ಸೀರೆ ಉಟ್ಕೊಂಡು ಆಡೋದು, ಟಾಕ್ ಅಂದ್ರೆ ಮನೆ ಸೀರೇಲೇ ಆಡೋದು." ಆಮೇಲೆ ಹಿಂದಿನ ಬೆಂಚುಗಳ ಕಡೆ ತಿರುಗಿ, "ನೋಡ್ರೇ, ಇಂಗ್ಲಿಷಿನೋರೂ ನಮ್ಮೂರಿನ ಥರದೋರೇ ಪಾಪ" ಎಂದರು.

ವ್ಯಾಕರಣದ ಪುಸ್ತಕ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಆದರೂ ನಾನು ತಿದ್ದಲಿಲ್ಲ. ಈ ನಾಲ್ಕು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳು ಸೇ ಬರೆಯಬೇಕಾದಲ್ಲಿ ಟೆಲ್ ಬರೆದದ್ದು ಒಂದು ಸಲವೂ ಇಲ್ಲ. ಲೆಕ್ಕವಿಟ್ಟೇ ಬರೆಯುತ್ತಿದ್ದೇನೆ.

ಚನ್ನಾಜಮ್ಮನವರ ಅಣ್ಣನ ಮಗಳು ಪಾರಿಜಾತ. ಇಪ್ಪತ್ತಾರು ವರ್ಷ, ಕ್ಯಾಂಟೀನಿನಲ್ಲಿ ಅತ್ತೆಗೆ ಸಹಾಯ ಮಾಡುತ್ತಿದ್ದಳು. ಹೋದ ಫೆಬ್ರವರಿಯಲ್ಲಿ ನಮ್ಮ ಬಸ್ ನಿಲ್ದಾಣಕ್ಕೆ ಧ್ವನಿವರ್ಧಕ ಬಂತು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಸ್ಸುಗಳನ್ನು ಕೂಗಲು ಒಬ್ಬ ಅನೌನ್ಸರ್ ಬೇಕು, ಮಾರ್ಚ್ ಹನ್ನೊಂದರಂದು ನಿಲ್ದಾಣದಲ್ಲೇ ಸಂದರ್ಶನ ಎಂದು ಜಿಲ್ಲಾ ಕಚೇರಿ ನೋಟೀಸು ಅಂಟಿಸಿತು. ಪಾರಿಜಾತ ಅದನ್ನು ಓದಿದ ದಿನದಿಂದ ದೋಸೆಗಳು ಸೀಯತೊಡಗಿದವು. ಅವಳಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಅದನ್ನು ಯಾರಿಗೂ ಹೇಳುವ ಧೈರ್ಯ ಅವಳಿಗಿರಲಿಲ್ಲ. ಹೇಳಿದರೆ ಆಸೆಯೇ ಹೋಗಿಬಿಟ್ಟರೆ?

ಅರ್ಜಿಯಲ್ಲಿ ಅನುಭವ ಎಂಬ ಕಾಲಂ ಇತ್ತು. ಅವಳ ಬಳಿ ಪ್ರಮಾಣಪತ್ರವೇನೂ ಇರಲಿಲ್ಲ. ಇದ್ದದ್ದು ಒಂದೇ. ಅವಳ ಅಪ್ಪ ಪುಟ್ಟಮಲ್ಲು ಬಸ್ಸಿನ ಕಂಡಕ್ಟರ್. ಅವಳಿಗೆ ಒಂಬತ್ತು ವರ್ಷವಾದಾಗಿನಿಂದ ಭಾನುವಾರಗಳಂದು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಬಾಗಿಲ ಮೆಟ್ಟಿಲ ಮೇಲೆ ನಿಲ್ಲಿಸಿ, ಸ್ಟಾಪುಗಳ ಹೆಸರು ಕೂಗಿಸುತ್ತಿದ್ದರು. ಹುಣಸೇಕಟ್ಟೆ, ಸುಣ್ಣದಗೂಡು, ಬಳೆಗಾರರ ಓಣಿ, ಜೋಡಿಸೇತುವೆ. ಬೀಳದಿರಲೆಂದು ಅವಳ ಫ್ರಾಕಿನ ಹಿಂದಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದರು. ಹೀಗೆ ಐದು ವರ್ಷ. ಅವಳಿಗೆ ಹದಿನಾಲ್ಕಾದಾಗ ಅವರು ತೀರಿಕೊಂಡರು.

ಇದನ್ನು ಅವಳು ತರಗತಿ ಮುಗಿದ ಮೇಲೆ ವಾಚನಾಲಯದ ಕಂಬಕ್ಕೆ ಅಂದಳು. ಚನ್ನಾಜಮ್ಮ ಮತ್ತು ನಾನು ಕಂಬದ ಆಚೆ ಈಚೆ ಕೂತು ಕೇಳಿದೆವು.

"ಸಂದರ್ಶನದೋರು ಮುಖ ನೋಡಿ ಹೇಳು ಅಂತಾರೆ. ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್. ಅದೇ ಮೊದಲನೇ ಪ್ರಶ್ನೆ ಅಲ್ವಾ ಸಾರ್?"

ಹೌದು ಎಂದೆ. ಎಲ್ಲ ಕಡೆಯೂ ಅದೇ.

"ಹೇಳಿದ್ರೆ ಅಪ್ಪನ ಬಸ್ಸು ಆ ಸಾಹೇಬರ ಜೊತೆ ಊರು ಬಿಟ್ಟು ಹೋಗುತ್ತೆ. ಹೇಳದೇ ಇದ್ರೆ ನನ್ನ ಹತ್ರ ತೋರ್ಸೋಕೆ ಬೇರೆ ಏನೂ ಇಲ್ಲ."

"ಬರೆದಿಟ್ಟುಕೊಂಡು ಹೇಳು. ಆಮೇಲೆ ಓದಿಕೊಂಡರಾಯಿತು" ಎಂದೆ. ಇದು ಹೊರಗಿನವನ ಸಲಹೆ.

ಚನ್ನಾಜಮ್ಮ ನಕ್ಕರು. "ಮೇಷ್ಟ್ರೇ, ನನ್ನ ಮದುವೆ ದಿನದ್ದೆಲ್ಲ ಬರೆದಿಟ್ಟು, ಆಮೇಲೆ ನಮ್ಮ ನಾದಿನಿಗೆ ಹೇಳ್ದೆ. ಕೇಳ್ದಳು, ಖುಷಿಪಟ್ಟಳು, ಹೋದಳು. ಈಗ ನೋಟ್‌ಬುಕ್ ಓದಿದ್ರೆ ಏನಿದೆ? ಯಾರೋ ಚನ್ನಾಜಮ್ಮ ಅನ್ನೋಳಿಗೆ ಯಾರ ಜೊತೆಗೋ ಮದುವೆ ಆಯ್ತಂತೆ. ಪಾಯಸ ಸೀದಿತ್ತಂತೆ. ಸೀದ ವಾಸನೆ ಎಲ್ಲಿ?" ಆಮೇಲೆ ಕಂಬದ ಕಡೆ ತಿರುಗಿ ಅಂದರು: "ಪಾರಿ, ಬೇಡದ್ದು ಏನಾದ್ರೂ ಹುಡುಕಿ ಹೇಳೇ. ಎಸ್ಸೆಸ್ಸೆಲ್ಸಿ ನಂಬರ್ ಹೇಳು. ಹಲ್ಲು ಕೀಳ್ಸಿದ್ದು ಹೇಳು. ಹೋದ್ರೆ ಹೋಗ್ಲಿ."

"ಹಲ್ಲು ಕೀಳ್ಸಿದ್ದಕ್ಕೆ ಅನೌನ್ಸರ್ ಕೆಲಸ ಕೊಡ್ತಾರಾ ಅತ್ತೆ?"



ಮಾರ್ಚ್ ಹನ್ನೊಂದರಂದು ಜಿಲ್ಲಾ ಕಚೇರಿಯಿಂದ ಮುತಾಲಿಕ್ ಎಂಬ ಅಧಿಕಾರಿ ಬಂದರು. ಬಡಗಣ ಸೀಮೆಯವರು, ದಪ್ಪ ಮೀಸೆ, ನೇರ ಮಾತು. ಅಭ್ಯರ್ಥಿಗಳ ಇಂಗ್ಲಿಷ್ ಪರೀಕ್ಷಿಸಲು ನನ್ನನ್ನು ಕರೆದಿದ್ದರು. ಬಂದವರಿಬ್ಬರೂ ನನ್ನ ವಿದ್ಯಾರ್ಥಿಗಳೇ ಎಂದು ಮೊದಲೇ ಬರೆದುಕೊಟ್ಟೆ. ಆಯ್ಕೆಯಲ್ಲಿ ನನ್ನದು ಮಾತಿಲ್ಲ, ಅಂಕ ಮಾತ್ರ ಎಂದು ಅವರು ಅದರ ಕೆಳಗೆ ಸಹಿ ಹಾಕಿದರು.

ಸಂದರ್ಶನ ನಡೆದದ್ದು ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ. ಒಂದು ಮೇಜು, ಮೂರು ಕುರ್ಚಿ, ಮೇಜಿನ ಮೇಲೆ ಹೊಸ ಮೈಕು, ಮೂಲೆಯಲ್ಲಿ ಕಂಬ. ನಾನು ಕಂಬಕ್ಕೆ ಊರಿನ ರೀತಿಯನ್ನು ವಿವರಿಸಿದೆ. ಮುತಾಲಿಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮಾಸ್ತರ್ರೇ, ನಿಮಗ ಬಿಸಿಲು ಬಡದದ ಅಂತ ಕಾಣಸ್ತದ. ಒಂದ್ ಚಾ ಕುಡೀರಿ."

ಚಹಾ ತಂದ ಚನ್ನಾಜಮ್ಮನಿಗೆ ತಮ್ಮ ಚಹಾ ಹೇಗಿರಬೇಕೆಂದು ಅವರೇ ಹೇಳಿದರು. ಸಕ್ಕರೆ ಎಷ್ಟು, ಶುಂಠಿ ಎಷ್ಟು, ಹಾಲು ಯಾವಾಗ. ಮತ್ತೊಂದು ಲೋಟ ಬಂತು. ಅವರು ಕುಡಿದು ಬೆರಗಾದರು. "ಏನ್ ಚಂದ ಮಾಡೀರಿ ಬಾಯಾರ! ಹಿಂಗೂ ಚಾ ಮಾಡ್ತಾರ? ನಾ ಎಂದೂ ಕುಡಿದಿಲ್ಲ ನೋಡ್ರಿ." ಚನ್ನಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಮೊದಲ ಅಭ್ಯರ್ಥಿ ಬಸವಲಿಂಗು. ಮದುವೆ ಮನೆಗಳಲ್ಲಿ ಮೈಕು ಹಿಡಿಯುವ ಹುಮ್ಮಸ್ಸಿನ ಮನುಷ್ಯ. ತನ್ನದನ್ನು ಏನೂ ಕಳೆದುಕೊಳ್ಳಬಾರದೆಂದು ಅವನೊಂದು ಉಪಾಯ ಮಾಡಿದ್ದ. ಒಂದು ಸುಳ್ಳು ಜೀವನಚರಿತ್ರೆಯನ್ನು ತಾನೇ ಕಟ್ಟಿ, ಹದಿನೈದು ದಿನ ಉರುಹೊಡೆದು ಬಂದಿದ್ದ. ಮುತಾಲಿಕರ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಹೇಳಿದ. ದೊಡ್ಡ ಪಟ್ಟಣದ ವಸ್ತುಪ್ರದರ್ಶನದಲ್ಲಿ ಮೂರು ವರ್ಷ ಅನೌನ್ಸರ್ ಆಗಿದ್ದನಂತೆ, ದಿನಕ್ಕೆ ಇಪ್ಪತ್ತು ಸಾವಿರ ಜನ ಕೇಳುತ್ತಿದ್ದರಂತೆ. ಬಹಳ ಚೆನ್ನಾಗಿತ್ತು. ಮುತಾಲಿಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಭಾಳ ಛಲೋ. ಆ ಪ್ರದರ್ಶನ ಯಾವ ತಿಂಗಳದಾಗ ಆಗ್ತಿತ್ತು?"

"ಯಾವ ಪ್ರದರ್ಶನ ಸಾರ್?"

"ನೀವ ಮೂರು ವರ್ಷ ಕೆಲಸ ಮಾಡಿದ್ದಲ್ರೀ!"

"ನಾನಾ?" ಬಸವಲಿಂಗು ಪ್ರಾಮಾಣಿಕವಾಗಿ ಯೋಚಿಸಿದ. ಕಟ್ಟಿದ ಸುಳ್ಳೂ ಹೇಳಿದವನನ್ನು ಬಿಟ್ಟು ಹೋಗುತ್ತದೆಂಬುದು ಅವನಿಗೆ ಹೊಳೆದಿರಲಿಲ್ಲ. "ಇಲ್ಲ ಸಾರ್. ನಾನು ಈ ಊರು ಬಿಟ್ಟು ಎಲ್ಲಿಗೂ ಹೋಗಿಲ್ಲ. ಯಾರೋ ನಿಮಗೆ ತಪ್ಪು ಹೇಳಿದಾರೆ."

ಮುತಾಲಿಕರು ಪೆನ್ನು ಕೆಳಗಿಟ್ಟು, ಇಂಗ್ಲಿಷ್ ನೋಡಿ ಎಂದು ನನಗೆ ಸನ್ನೆ ಮಾಡಿದರು. ಇಂಗ್ಲಿಷಿನಲ್ಲಿ ಬಸವಲಿಂಗುವಿಗೆ ಇಪ್ಪತ್ತಕ್ಕೆ ಹದಿನಾರು ಬಂತು.

ಪಾರಿಜಾತ ಒಳಗೆ ಬಂದಾಗ ಮೂರು ಗಂಟೆ ಹತ್ತು ನಿಮಿಷ. ನನ್ನ ಪರೀಕ್ಷೆ ಬೇಗ ಮುಗಿಯಿತು, ಹದಿನೇಳು ಅಂಕ. ಆಮೇಲೆ ಮುತಾಲಿಕರು ಕೇಳಿದರು. ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್. ಕನ್ನಡದಾಗ ಹೇಳಿದರೂ ನಡೀತದ.

ಅವಳು ಕಂಬದ ಕಡೆ ತಿರುಗಿದಳು.

"ಏನವಾ, ಇಲ್ಲೆ ನೋಡು. ಕಂಬ ಏನ್ ನಿನ್ನ ಇಂಟರ್‌ವ್ಯೂ ತಗೊಳ್ಳಿಕತ್ತದೇನು?"

"ಕಂಬಕ್ಕೆ ಅಂದ್ರೆ ನಿಮಗೂ ಕೇಳ್ಸುತ್ತೆ ಸಾರ್."

"ಕೇಳಸ್ತದ, ಖರೆ. ಆದರ ಮುಖ ತಪ್ಪಿಸಿ ಮಾತಾಡೋರನ್ನ ನಾ ಹೆಂಗ ನಂಬಲಿ? ಇಪ್ಪತ್ತು ವರ್ಷ ಮಂದಿ ಆರಿಸೇನಿ. ಕಣ್ಣು ನೋಡಿ ಹೇಳೋರಿಗೇ ಕೆಲಸ ಕೊಟ್ಟೇನಿ. ನಿನ್ನ ಅನುಭವ ಏನದ, ನನಗ ಹೇಳು. ಇಲ್ಲಾಂದ್ರ ಹೋಗಬಹುದು."

ಅವರದು ದರ್ಪವಲ್ಲ, ರೂಢಿ. ಪಾರಿಜಾತ ಅವರನ್ನು ನೋಡಿ ಬಾಯಿ ತೆರೆದಳು. ಅವಳ ಎಡಗೈ ಬೆನ್ನ ಹಿಂದೆ ಹೋಗಿ ಸೀರೆಯ ಮಡಿಕೆಯನ್ನು ಹಿಡಿದುಕೊಂಡಿತು. ಹೇಳಿಬಿಡುತ್ತಾಳೆ ಎಂದೇ ನನಗನ್ನಿಸಿತು. ಕಿಟಕಿಯಾಚೆ ನಿಲ್ದಾಣ ತುಂಬಿತ್ತು. ಮದುವೆ ಮುಗಿಸಿ ಬಂದ ಒಂದು ದಂಡು ಹಾಸಿಗೆ ಸುರುಳಿಗಳ ಮೇಲೆ ಕೂತು ಬಸ್ಸು ಕಾಯುತ್ತಿತ್ತು.

"ಸಾರ್, ಒಂದು ಕೇಳ್ಲಾ? ನೀವು ಆರಿಸ್ತಿರೋದು ಒಬ್ಬರಿಗೆ ಹೇಳೋರನ್ನೋ, ಊರಿಗೆಲ್ಲ ಕೇಳೋ ಹಾಗೆ ಅನ್ನೋರನ್ನೋ?"

"ಅನೌನ್ಸರ್ ಅಂದ್ರ ಊರಿಗೇ ಅಲ್ಲೇನು?"

"ಹಾಗಾದ್ರೆ ನಾನು ನಿಮ್ಮ ಮುಖ ನೋಡ್ಕೊಂಡೇ ಅಂತೀನಿ. ಆದ್ರೆ ಇದರಲ್ಲಿ" ಎಂದು ಮೈಕನ್ನು ತನ್ನ ಕಡೆ ಎಳೆದುಕೊಂಡು ಗುಂಡಿ ಒತ್ತಿದಳು.

ಅವಳು ಅಂದದ್ದು ಎರಡು ನಿಮಿಷ ನಲವತ್ತು ಸೆಕೆಂಡು. ಅಪ್ಪನ ಬಸ್ಸಿನ ಬಾಗಿಲು, ಭಾನುವಾರದ ಬಿಸಿಲು, ಫ್ರಾಕಿನ ಗಂಟು. "ನಮ್ಮಪ್ಪ ಬಸ್ಸಿನ ಕಂಬಿಗೆ ಅನ್ನೋರು, ಗಂಟಲಿಂದ ಕೂಗಬಾರದು, ಹೊಟ್ಟೆಯಿಂದ ಕೂಗಬೇಕು ಅಂತ. ಕೊನೇ ಸೀಟಲ್ಲಿ ನಿದ್ದೆ ಮಾಡೋ ಅಜ್ಜಿಗೆ ಎಚ್ಚರ ಆಗಬೇಕು, ಅಜ್ಜಿ ಮಡಿಲಲ್ಲಿರೋ ಮಗುವಿಗೆ ಆಗಬಾರದು." ಆಮೇಲೆ ನಾಲ್ಕು ಸ್ಟಾಪುಗಳ ಹೆಸರನ್ನು ಹಾಗೇ ಕೂಗಿದಳು. ಜೋಡಿಸೇತುವೆ ಎಂದಾಗ ಮದುವೆಯ ದಂಡಿನಲ್ಲಿ ನಿದ್ದೆ ಹೋಗಿದ್ದ ಮುದುಕರೊಬ್ಬರು ಎದ್ದು ನಿಂತು ಚೀಲ ಹುಡುಕಿದರು. ಪಕ್ಕದಲ್ಲಿ ಮಲಗಿದ್ದ ಮಗು ಮಿಸುಕಲಿಲ್ಲ. ಇದನ್ನು ನಾನು ಕಿಟಕಿಯಿಂದ ಕಣ್ಣಾರೆ ನೋಡಿದೆ.

ಮುತಾಲಿಕರೂ ನೋಡಿದರು. ಇಬ್ಬರನ್ನೂ ಹೊರಗೆ ಕಳಿಸಿ, ಹಾಳೆಯ ಮೇಲೆ ಏನನ್ನೋ ಕೂಡಿ ಕಳೆದು, ಹತ್ತು ನಿಮಿಷ ಯೋಚಿಸಿದರು. ಅವರದೊಂದು ಒಳ್ಳೆಯ ನಿಯಮವಿತ್ತು. ಆದೇಶ ಬರೆಯುವ ಮೊದಲು ಆಯ್ಕೆಯಾದವರಿಗೆ ಎದುರಿಗೇ ಹೇಳಬೇಕು, ಕಾಗದದಿಂದ ಗೊತ್ತಾಗಬಾರದು. ಪಾರಿಜಾತಳನ್ನು ಒಳಗೆ ಕರೆಸಿದರು. ನಾನು ತಡೆಯಲೆಂದು ಕಂಬದ ಕಡೆ ತಿರುಗುವಷ್ಟರಲ್ಲಿ ಹೇಳಿಯಾಗಿತ್ತು.

"ನಿನ್ನ ಆರಿಸೇನವಾ. ಏಪ್ರಿಲ್ ಒಂದರಿಂದ ಕೆಲಸಕ್ಕ ಬಾ."

"ತುಂಬಾ ಉಪಕಾರವಾಯ್ತು ಸಾರ್!"

"ಯಾತರ ಉಪಕಾರ?" ಮುತಾಲಿಕರ ಹುಬ್ಬು ಗಂಟಾಯಿತು. "ನಾ ಇನ್ನೂ ಯಾರನ್ನೂ ಆರಿಸಿಲ್ಲ. ಹಿಂಗ ಮುಂಚೆನ ಉಪಕಾರ ಅಂದು ಒತ್ತಡ ಹಾಕೋದು ಸರಿ ಅಲ್ಲವಾ. ಹೊರಗ ಕೂಡು."

ಅವಳು ಬಿಳಿಚಿಕೊಂಡು ಹೊರಗೆ ಹೋದಳು. ನಾನು ಕಂಬಕ್ಕೆ ಅಂದೆ, ನೀವು ಈಗಷ್ಟೇ ಆರಿಸಿದಿರಿ ಎಂದು. "ಮಾಸ್ತರ್ರೇ, ಆಕಿ ನಿಮ್ಮ ಶಿಷ್ಯೆ. ಆಯ್ಕೆಯೊಳಗ ನಿಮ್ಮದು ಮಾತಿಲ್ಲ ಅಂತ ಸಹಿ ಆಗೇದ" ಎಂದು ನಾನೇ ಬರೆದುಕೊಟ್ಟ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಅವರ ಮಾತು ನ್ಯಾಯವಾಗಿತ್ತು.

ಅವರು ಮತ್ತೆ ಕೂಡಿ ಕಳೆದು ಯೋಚಿಸಿದರು. ಪ್ರಾಮಾಣಿಕ ಮನುಷ್ಯನಾದ್ದರಿಂದ ಮತ್ತೆ ಅದೇ ತೀರ್ಮಾನಕ್ಕೆ ಬಂದರು. ಈ ಸಲ ತಾವೇ ಬಾಗಿಲಿಗೆ ಹೋಗಿ ಅವಳಿಗೆ ಹೇಳಿ, ತಿರುಗಿ ಬಂದು ಕೂತು, ಗಡಿಯಾರ ನೋಡಿ ಬೆಚ್ಚಿದರು. "ನಾಲ್ಕಾತಲ್ಲ! ಒಂದು ಆಯ್ಕೆ ಮಾಡ್ಲಿಕ್ಕೆ ಇಷ್ಟು ಹೊತ್ತೇನ್ರೀ ನನಗ? ನಾಲ್ಕೂ ಇಪ್ಪತ್ತಕ್ಕ ನನ್ನ ಬಸ್ಸು ಅದ. ಆಗದಿದ್ರ ಯಾರನ್ನೂ ತಗೊಂಡಿಲ್ಲ ಅಂತ ಬರದುಬಿಡ್ತೇನಿ."

ಬಾಗಿಲ ಹೊರಗೆ ಚನ್ನಾಜಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಎರಡು ಸಲ ಪಾಸಾಗಿ ಎರಡು ಸಲವೂ ಕೆಲಸ ಕೈತಪ್ಪಿತಲ್ಲೋ ಬಸವಲಿಂಗು, ಏನಾದ್ರೂ ಮಾಡೋ!"

"ನಾನೇನ್ ಮಾಡ್ಲಿ ಅಜ್ಜಿ? ನಾನು ಇಲ್ಲಿಗೆ ಯಾಕೆ ಬಂದೆ ಅನ್ನೋದೇ ಅರ್ಧ ನೆನಪಿದೆ."

ನಾಲ್ಕು ಗಂಟೆ ಹದಿನಾರು ನಿಮಿಷಕ್ಕೆ ಮುತಾಲಿಕರು ಮೂರನೇ ಸಲ ತೀರ್ಮಾನಕ್ಕೆ ಬಂದರು. ಪಾರಿಜಾತಳನ್ನು ಕರೆಸಿದರು, ಮೀಸೆ ಸರಿಮಾಡಿಕೊಂಡರು, ಅವಳ ಮುಖ ನೋಡಿ ಮುಗುಳ್ನಕ್ಕರು. ಆ ನಗುವನ್ನು ಅವಳು ಆಗಲೇ ಎರಡು ಸಲ ನೋಡಿದ್ದಳು. ಅವರು ಬಾಯಿ ತೆರೆಯುವ ಮೊದಲೇ ಮೈಕನ್ನೆತ್ತಿ ಅವರ ಬಾಯಿಗೂ ತನ್ನ ಕಿವಿಗೂ ನಡುವೆ ಹಿಡಿದಳು.

"ಸಾರ್, ಕೈಮುಗೀತೀನಿ. ನನಗೆ ಹೇಳ್ಬೇಡಿ. ಏನಿದ್ರೂ ಊರಿಗೆ ಅನ್ನಿ."

"ನಾ ಏನ್ ಹೇಳ್ತೇನಿ ಅಂತ ನಿನಗ ಹೆಂಗ ಗೊತ್ತು?"

"ಗೊತ್ತಿಲ್ಲ ಅಂತಲೇ ಇಟ್ಕೊಳ್ಳಿ ಸಾರ್. ಬೈಯೋದಾದ್ರೂ ಇದರಲ್ಲೇ ಬೈರಿ."

ಮುತಾಲಿಕರು ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ. ಅವರು ಮೈಕನ್ನು ಎರಡು ಸಲ ತಟ್ಟಿ, ಗಂಟಲು ಸರಿಮಾಡಿಕೊಂಡು, ಅಗತ್ಯಕ್ಕಿಂತ ಬಹಳ ಜೋರಾಗಿ, ಈ ನಿಲ್ದಾಣಕ್ಕೆ ಅನೌನ್ಸರ್ ಆಗಿ ಪುಟ್ಟಮಲ್ಲು ಅವರ ಮಗಳು ಪಾರಿಜಾತ ಆಯ್ಕೆಯಾಗಿದ್ದಾರೆ ಎಂದರು. ಮಗು ಎಚ್ಚರಗೊಂಡು ಅತ್ತಿತು. ಮೊದಲು ಚಪ್ಪಾಳೆ ತಟ್ಟಿದವನು ಬಸವಲಿಂಗು. ಯಾಕೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ವಿಚಾರಿಸಿಲ್ಲ. ಮುತಾಲಿಕರು ಮೈಕು ಕೆಳಗಿಟ್ಟು ಹಾಳೆಯನ್ನು ಎಳೆದುಕೊಂಡು ಅದೇ ವಾಕ್ಯವನ್ನು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಆಮೇಲೆ ಚೀಲ ಹಿಡಿದು ಓಡಿದರು.

ಅವರ ಬಸ್ಸು ಹೊರಟಿರಲಿಲ್ಲ. ಮೈಕಿನಲ್ಲಿ ಏನು ಬರುತ್ತದೋ ಕೇಳೋಣವೆಂದು ಡ್ರೈವರು ಎಂಜಿನ್ ನಿಲ್ಲಿಸಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂತಿದ್ದ. ಪಾರಿಜಾತ ಗಡಿಯಾರ ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು, ಮೈಕನ್ನು ತನ್ನ ಬಾಯಿಯ ಎತ್ತರಕ್ಕೆ ತಂದುಕೊಂಡಳು. ನಾಲ್ಕೂ ಇಪ್ಪತ್ತರ ಜಿಲ್ಲಾ ಕೇಂದ್ರದ ಬಸ್ಸು ನಾಲ್ಕು ನಿಮಿಷ ತಡವಾಗಿ ಹೊರಡುತ್ತಿದೆ, ಪ್ರಯಾಣಿಕರು ಕ್ಷಮಿಸಬೇಕು ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಅಂದಳು. ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ. ಮಗು ಅಳು ನಿಲ್ಲಿಸಿ ಮತ್ತೆ ನಿದ್ದೆ ಹೋಯಿತು.